ಮೂರನೇ ಹುಡುಗನಿಗೆ ಪಾಠ ಹೇಳುವವರು ಯಾರು?

ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ನವೆಂಬರ್ ಕೊನೆಯೆಂದರೆ ತಲೆದಂಡದ ಕಾಲ. ನಿರೀಕ್ಷಿಸಿದಷ್ಟು ಪಂದ್ಯ ಗೆಲ್ಲದ ತಂಡಗಳಲ್ಲಿ ಯಾರನ್ನಾದರೂ ಹೊರಗೆ ಕಳಿಸಲೇಬೇಕೆಂಬ ಒತ್ತಡ ಹುಟ್ಟುತ್ತದೆ. ಹೆಡ್ ಕೋಚ್ ಅವರನ್ನು ತೆಗೆದರೆ ಒಪ್ಪಂದದಲ್ಲಿ ಉಳಿದ ವರ್ಷಗಳಿಗೂ ಹಣ ತೆರಬೇಕು. 2023ರಲ್ಲಿ ಜಿಂಬೊ ಫಿಶರ್ ಅವರನ್ನು ಬಿಡಿಸಿದ ಟೆಕ್ಸಸ್ ಎ ಆ್ಯಂಡ್ ಎಂ ವಿಶ್ವವಿದ್ಯಾಲಯ ಹೊತ್ತುಕೊಂಡ ಬಾಕಿ 7.5 ಕೋಟಿ ಡಾಲರ್ ದಾಟಿತ್ತು. ಕ್ವಾರ್ಟರ್‌ಬ್ಯಾಕ್ ಕೋಚ್ ಅವರನ್ನು ಕಳಿಸುವುದಕ್ಕೆ ಅಷ್ಟು ಖರ್ಚಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ, ಇಡೀ ತಂಡದ ಕಾಯಿಲೆಗೆ ಈ ಒಬ್ಬರ ಕೆಲಸ ಹೋಗುತ್ತದೆ. ಹೊಸ ಹೆಸರಿನ ಪ್ರಕಟಣೆ ಹೊರಬೀಳುತ್ತದೆ. ಅಭಿಮಾನಿಗಳು, ದಾನಿಗಳು ಒಂದಷ್ಟು ತಿಂಗಳು ಸಮಾಧಾನಪಡುತ್ತಾರೆ.

ಈ ರೂಢಿ ಹಳೆಯದೇ. ಆದರೆ ಇತ್ತೀಚಿನ ವರ್ಷಗಳಲ್ಲಿ ಇದರ ಜೊತೆಗೆ ಇನ್ನೊಂದು ಸೇರಿಕೊಂಡಿದೆ: ಪಳಗಿದ ಕ್ವಾರ್ಟರ್‌ಬ್ಯಾಕ್‌ನನ್ನು ಬೇರೆ ಕಾಲೇಜಿನಿಂದ ದುಡ್ಡು ಕೊಟ್ಟು ಕರೆತರುವುದು. ಎರಡೂ ಸೇರಿ ಮಾಡುತ್ತಿರುವ ಹಾನಿ ಗೆಲುವು-ಸೋಲಿನ ಪಟ್ಟಿಯಲ್ಲಿ ಇನ್ನೂ ಪೂರ್ತಿ ಕಾಣುತ್ತಿಲ್ಲ. ಕಾಣುವ ಹೊತ್ತಿಗೆ ಸರಿಪಡಿಸಲು ಜನವೇ ಇರುವುದಿಲ್ಲ ಎಂಬ ಆತಂಕದಿಂದ ಈ ಮಾತನ್ನು ಈಗಲೇ ಹೇಳಬೇಕಾಗಿದೆ. ಕ್ವಾರ್ಟರ್‌ಬ್ಯಾಕ್‌ಗಳನ್ನು ಬೆಳೆಸುವ ಕೆಲಸವನ್ನೇ ಕಾಲೇಜುಗಳು ಕೈಬಿಡುತ್ತಿವೆ.

ಕೊಲಂಬಸ್, ಆಸ್ಟಿನ್, ಆ್ಯನ್ ಆರ್ಬರ್‌ನಂಥ ಕಾಲೇಜು ಊರುಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಶನಿವಾರದ ಈ ಆಟದ ಗದ್ದಲ ಗೊತ್ತೇ ಇದೆ. ಟಿ.ವಿ.ಯಲ್ಲಿ ಕಾಣುವುದು ಕ್ವಾರ್ಟರ್‌ಬ್ಯಾಕ್ ಚೆಂಡು ಎಸೆಯುವ ಗಳಿಗೆ ಮಾತ್ರ. ಅವನ ಕೆಲಸದಲ್ಲಿ ಎಸೆತ ಕೊನೆಗೆ ಬರುತ್ತದೆ. 2024ರಿಂದ ಅಗ್ರ ವಿಭಾಗದಲ್ಲಿ ಅವನ ಹೆಲ್ಮೆಟ್‌ನೊಳಗೆ ಕೋಚ್ ಮಾತಾಡಬಹುದು. ಆದರೆ ಪ್ರತಿ ಪ್ಲೇಯ ಗಡಿಯಾರದಲ್ಲಿ 15 ಸೆಕೆಂಡು ಉಳಿದಾಗ ಆ ದನಿ ಕಡಿದುಹೋಗುತ್ತದೆ. ಆಮೇಲೆ ಅವನು ಒಬ್ಬನೇ. ಎದುರಾಳಿಯ ಹಿಂಬದಿಯಲ್ಲಿ ಸೇಫ್ಟಿ ಒಬ್ಬನೇ ನಿಂತಿದ್ದಾನೋ ಇಬ್ಬರಿದ್ದಾರೋ ನೋಡಬೇಕು. ತನ್ನನ್ನು ಕಾಯುವ ಐವರನ್ನು ಎಡಕ್ಕೆ ಸರಿಸಬೇಕೋ ಬಲಕ್ಕೋ ಕೂಗಿ ಹೇಳಬೇಕು. ಚೆಂಡು ಕೈಗೆ ಬಂದ ಮೇಲೆ ಸಿಗುವುದು ಹೆಚ್ಚುಕಡಿಮೆ ಮೂರು ಸೆಕೆಂಡು.

ಆ ಮೂರು ಸೆಕೆಂಡನ್ನು ಅವನು ಅಳೆಯುವುದು ಕಾಲಿನಿಂದ. ಐದು ಹೆಜ್ಜೆ ಹಿಂದೆ ಸರಿಯುವ ಪಾಸ್ ಆದರೆ, ಐದನೇ ಹೆಜ್ಜೆ ಊರುವಾಗ ಮೊದಲನೇ ರಿಸೀವರ್ ಬಿಡುವಾಗಿರಬೇಕು. ಇಲ್ಲವೋ, ಮುಂದಕ್ಕೆ ಒಂದು ಪುಟ್ಟ ಜಿಗಿತ, ಕಣ್ಣು ಎರಡನೆಯವನ ಮೇಲೆ. ಅಲ್ಲೂ ದಾರಿ ಇಲ್ಲದಿದ್ದರೆ ಇನ್ನೊಂದು ಜಿಗಿತ, ಮೂರನೆಯವನು. ಕಾಲು ಅರ್ಧ ಹೆಜ್ಜೆ ತಡವಾದರೆ ಕಣ್ಣೂ ತಡ, ಚೆಂಡೂ ತಡ, ಅಷ್ಟರಲ್ಲಿ ಎದುರಾಳಿ ಮಧ್ಯೆ ಬಂದಿರುತ್ತಾನೆ. ಇದನ್ನು ಕಲಿಸುವವರು ಕ್ವಾರ್ಟರ್‌ಬ್ಯಾಕ್ ಕೋಚ್. ವಿಡಿಯೊ ಕೋಣೆಯಲ್ಲಿ ಚೆಂಡು ಕದಲುವ ಮೊದಲೇ ಚಿತ್ರ ನಿಲ್ಲಿಸಿ ಕೇಳುತ್ತಾರೆ: ಈ ಸೇಫ್ಟಿಯ ಸೊಂಟ ಯಾವ ಕಡೆ ತಿರುಗಿದೆ? ಈಗ ಏನಾಗುತ್ತದೆ ಹೇಳು. ಹುಡುಗ ಹೇಳುತ್ತಾನೆ, ತಪ್ಪಾಗುತ್ತದೆ, ಮತ್ತೆ ಹಿಂದಕ್ಕೆ ಓಡಿಸುತ್ತಾರೆ. ಅದೇ ಪ್ರಶ್ನೆ, ಮತ್ತೊಂದು ಚಿತ್ರ. ಈ ಕಲಿಕೆಗೆ ಅಡ್ಡದಾರಿ ಇಲ್ಲ. ಕೇಳುವವರೂ ಉತ್ತರಿಸುವವನೂ ಒಬ್ಬರಿಗೊಬ್ಬರು ಪಳಗುವುದಕ್ಕೇ ಒಂದು ವರ್ಷ ಹಿಡಿಯುತ್ತದೆ.

ಕೋಚ್ ಬದಲಾದಾಗ ಮೊದಲು ಬದಲಾಗುವುದು ಹೆಸರುಗಳು. ಏರ್ ರೇಡ್ ಪದ್ಧತಿಯಲ್ಲಿ ನಾಲ್ವರು ರಿಸೀವರ್‌ಗಳು ನೇರ ಓಡುವ ಪ್ಲೇಗೆ ‘ಸಿಕ್ಸ್’ ಎನ್ನುತ್ತಾರೆ. ಕೋಚ್ ಡಾನ್ ಕೊರಿಯೆಲ್ ಅವರಿಂದ ಬಂದ ಪದ್ಧತಿಯಲ್ಲಿ ಒಬ್ಬೊಬ್ಬ ರಿಸೀವರ್ ಓಡುವ ದಾರಿಗೂ ಒಂದೊಂದು ಅಂಕಿ, ನೇರ ಓಟಕ್ಕೆ 9. ವೆಸ್ಟ್ ಕೋಸ್ಟ್ ಪದ್ಧತಿಗೆ ಹೋದರೆ ಅದೇ ಹುಡುಗ ಉದ್ದುದ್ದ ಪದಗಳ ಸರಣಿಯನ್ನೇ ಬಾಯಿಪಾಠ ಮಾಡಿ ಹತ್ತು ಜನರಿಗೆ ತಡವರಿಸದೆ ಒಪ್ಪಿಸಬೇಕು. ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆಯಾದ ಎನ್‌ಸಿಎಎ ನಿಯಮದಂತೆ ಪಂದ್ಯಗಳ ಕಾಲದಲ್ಲಿ ತಂಡಕ್ಕೆ ಸಿಗುವುದು ವಾರಕ್ಕೆ 20 ಗಂಟೆ, ಉಳಿದ ಕಾಲದಲ್ಲಿ 8 ಗಂಟೆ. ವಸಂತದಲ್ಲಿ 15 ಅಭ್ಯಾಸಗಳು. ಗೊತ್ತಿರುವುದಕ್ಕೇ ಹೊಸ ಹೆಸರು ಕಲಿಯುವುದರಲ್ಲಿ ಇದೆಲ್ಲ ಮುಗಿದರೆ ಹುಡುಗ ಮುಂದಕ್ಕೆ ಹೋಗುವುದು ಯಾವಾಗ?

ಓಹಾಯೊ ಸ್ಟೇಟ್‌ನ ಎರಡು ವರ್ಷಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 2014ರ ಆಗಸ್ಟ್‌ನಲ್ಲಿ ಮೊದಲನೇ ಕ್ವಾರ್ಟರ್‌ಬ್ಯಾಕ್ ಬ್ರ್ಯಾಕ್ಸ್ಟನ್ ಮಿಲ್ಲರ್ ಭುಜದ ಗಾಯದಿಂದ ಹೊರಗುಳಿದರು. ಒಂದೂ ಕಾಲೇಜು ಪಂದ್ಯ ಆಡಿರದ ಜೆ.ಟಿ. ಬ್ಯಾರೆಟ್ ಒಳಗೆ ಬಂದರು. ಎರಡನೇ ಪಂದ್ಯದಲ್ಲೇ ವರ್ಜೀನಿಯಾ ಟೆಕ್ ಎದುರು ಮೂರು ಇಂಟರ್‌ಸೆಪ್ಷನ್, 35-21ರ ಸೋಲು. ಆದರೂ ಹುಡುಗನನ್ನು ಕೂರಿಸಲಿಲ್ಲ. ನವೆಂಬರ್ ಕೊನೆಯಲ್ಲಿ ಮಿಷಿಗನ್ ವಿರುದ್ಧ ಬ್ಯಾರೆಟ್ ಅವರ ಪಾದದ ಗಂಟು ಮುರಿದಾಗ ಮೂರನೆಯವರಾದ ಕಾರ್ಡೇಲ್ ಜೋನ್ಸ್ ಬಂದರು. ಅವರು ಮೊದಲ ಬಾರಿಗೆ ಆರಂಭದಿಂದ ಆಡಿದ ಪಂದ್ಯ ಬಿಗ್ ಟೆನ್ ಲೀಗ್‌ನ ಫೈನಲ್. ವಿಸ್ಕಾನ್ಸಿನ್ ವಿರುದ್ಧ 59-0. ಆಮೇಲೆ ಅಲಬಾಮಾ 42-35, ಆರೆಗಾನ್ 42-20, ರಾಷ್ಟ್ರೀಯ ಪಟ್ಟ. ಮೂವರಿಗೂ ಪಾಠ ಹೇಳಿದವರು ಒಬ್ಬರೇ, ಟಾಮ್ ಹರ್ಮನ್. ಮೂರನೆಯವನಿಗೂ ಮೊದಲನೆಯವನಷ್ಟೇ ಗಂಭೀರವಾಗಿ ಪಾಠ ಹೇಳಿದ್ದರಿಂದ ಸಿಕ್ಕ ಪಟ್ಟ ಅದು.

ಹರ್ಮನ್ ಹ್ಯೂಸ್ಟನ್‌ಗೆ ಹೆಡ್ ಕೋಚ್ ಆಗಿ ಹೋದರು. 2015ರಲ್ಲಿ ಓಹಾಯೊ ಸ್ಟೇಟ್‌ಗೆ ಹೆಡ್ ಕೋಚ್ ಹಿಂದಿನವರೇ, ಜೋನ್ಸ್ ಮತ್ತು ಬ್ಯಾರೆಟ್ ಇಬ್ಬರೂ ಅಲ್ಲೇ. ಕ್ವಾರ್ಟರ್‌ಬ್ಯಾಕ್ ಕೋಚ್ ಮಾತ್ರ ಹೊಸಬರು. ಜೋನ್ಸ್ ಏಳು ಪಂದ್ಯ ಆಡಿ ಬೆಂಚಿಗೆ ಸರಿದರು. ತಂಡ ಸೋತದ್ದು ಒಂದೇ ಪಂದ್ಯವಾದರೂ, ಮಿಷಿಗನ್ ಸ್ಟೇಟ್ ಎದುರಿನ ಆ 17-14ರ ಸೋಲಿನಿಂದ ಪ್ಲೇಆಫ್ ತಪ್ಪಿಹೋಯಿತು. ಕೋಚ್ ಬದಲಾವಣೆಯೊಂದೇ ಕಾರಣವೆಂದು ಹೇಳುವುದು ಅನ್ಯಾಯ. ಆದರೆ ಪ್ರತಿಭೆ ಅಷ್ಟೇ ಇದ್ದೂ ಹರಿತ ಕಡಿಮೆಯಾದದ್ದನ್ನು ಅಂದು ಆಟ ನೋಡಿದವರೆಲ್ಲ ಕಂಡರು.

ಬೊ ನಿಕ್ಸ್ ಅವರ ಕತೆ ಇನ್ನೂ ಸ್ಪಷ್ಟ. ಆಬರ್ನ್‌ನಲ್ಲಿ ಅವರ ತಂದೆಯೂ ಕ್ವಾರ್ಟರ್‌ಬ್ಯಾಕ್ ಆಗಿದ್ದವರು. ಮಗ ಅಲ್ಲಿ ಆಡಿದ ಮೂರು ವರ್ಷದಲ್ಲಿ ಮೂವರು ಆಫೆನ್ಸಿವ್ ಕೋಆರ್ಡಿನೇಟರ್‌ಗಳು, ಅಂದರೆ ಆಕ್ರಮಣದ ಆಟದ ಹೊಣೆ ಹೊತ್ತ ಕೋಚ್‌ಗಳು: 2019ರಲ್ಲಿ ಕೆನ್ನಿ ಡಿಲಿಂಗಮ್, 2020ರಲ್ಲಿ ಚ್ಯಾಡ್ ಮಾರಿಸ್, 2021ರಲ್ಲಿ ಮೈಕ್ ಬೊಬೊ. ಒಳ್ಳೆಯ ದಿನ ಅದ್ಭುತ, ಕೆಟ್ಟ ದಿನ ಗೊಂದಲ ಎಂದು ಜನ ಅವರನ್ನು ಬಿಟ್ಟುಬಿಟ್ಟಿದ್ದರು. 2022ರಲ್ಲಿ ಆರೆಗಾನ್‌ಗೆ ಹೋದಾಗ ಅಲ್ಲಿ ಮತ್ತೆ ಸಿಕ್ಕವರು ಅದೇ ಡಿಲಿಂಗಮ್. 2019ರಲ್ಲಿ ನೂರು ಎಸೆತಗಳಲ್ಲಿ 58ರಷ್ಟು ಗುರಿ ಮುಟ್ಟುತ್ತಿದ್ದವರು 2023ರ ಹೊತ್ತಿಗೆ 77 ದಾಟಿದರು, 45 ಟಚ್‌ಡೌನ್ ಪಾಸ್ ಎಸೆದು ವರ್ಷದ ಅತ್ಯುತ್ತಮ ಆಟಗಾರನಿಗೆ ಕೊಡುವ ಹೈಸ್ಮನ್ ಟ್ರೋಫಿಯ ಅಂತಿಮ ಸುತ್ತಿಗೆ ಬಂದರು. ಆಬರ್ನ್ ಕಳೆದುಕೊಂಡದ್ದು ತನ್ನದೇ ಹುಡುಗನನ್ನು.

ಕೋಚ್ ಅವರನ್ನು ಬದಲಿಸಲೇಬಾರದು ಎಂಬುದು ನಮ್ಮ ವಾದವಲ್ಲ. ಅದೇ ಆಬರ್ನ್‌ನಲ್ಲಿ ಜೇಸನ್ ಕ್ಯಾಂಪ್‌ಬೆಲ್ ನಾಲ್ಕು ವರ್ಷದಲ್ಲಿ ನಾಲ್ಕು ಕೋಆರ್ಡಿನೇಟರ್‌ಗಳನ್ನು ಕಂಡರು; ನಾಲ್ಕನೆಯವರಾದ ಆಲ್ ಬೋರ್ಜಸ್ ಬಂದ 2004ರಲ್ಲಿ ತಂಡ 13-0. ಬದಲಿಸುವುದಕ್ಕಿಂತ ಸೇರಿಸುವುದು ಉತ್ತಮವೆಂದು ತೋರಿಸಿದ್ದು 2019ರ ಲೂಸಿಯಾನಾ ಸ್ಟೇಟ್ (ಎಲ್‌ಎಸ್‌ಯು). ಹಿಂದಿನ ವರ್ಷ ಜೋ ಬರೋ 16 ಟಚ್‌ಡೌನ್ ಪಾಸ್‌ಗೆ ನಿಂತಿದ್ದರು. ಬೇರೆ ಕಡೆಯಾಗಿದ್ದರೆ ಕ್ವಾರ್ಟರ್‌ಬ್ಯಾಕ್ ಕೋಚ್ ಸ್ಟೀವ್ ಎನ್ಸ್‌ಮಿಂಗರ್ ಅವರ ಕತೆ ಮುಗಿದಿರುತ್ತಿತ್ತು. ಎಲ್‌ಎಸ್‌ಯು ಅವರನ್ನು ಉಳಿಸಿಕೊಂಡು, ವೃತ್ತಿಪರ ತಂಡ ನ್ಯೂ ಆರ್ಲಿಯನ್ಸ್ ಸೇಂಟ್ಸ್‌ನಿಂದ ಜೋ ಬ್ರೇಡಿ ಅವರನ್ನು ಪಾಸಿಂಗ್ ಆಟದ ಹೊಣೆಗೆ ಜೊತೆಗೆ ತಂದಿತು. ಬರೋ ಆ ವರ್ಷ 60 ಟಚ್‌ಡೌನ್ ಪಾಸ್ ಎಸೆದರು, ತಂಡ 15-0.

ಇನ್ನು ದುಡ್ಡಿನ ದಾರಿಗೆ ಬರೋಣ. 2018ರಲ್ಲಿ, ಕಾಲೇಜು ಬದಲಿಸಬಯಸುವ ಆಟಗಾರರು ಹೆಸರು ಬರೆಸುವ ಟ್ರಾನ್ಸ್‌ಫರ್ ಪೋರ್ಟಲ್ ತೆರೆಯಿತು. 2021ರಿಂದ ಕಾಲೇಜು ಬದಲಿಸಿದವನು ಒಂದು ವರ್ಷ ಸುಮ್ಮನೆ ಕೂರಬೇಕಿಲ್ಲ, ತನ್ನ ಹೆಸರು-ಮುಖಕ್ಕೆ ಹಣವನ್ನೂ ಪಡೆಯಬಹುದು. 2025ರ ನ್ಯಾಯಾಲಯದ ಒಪ್ಪಂದದ ನಂತರ ಕಾಲೇಜೇ ವರ್ಷಕ್ಕೆ ಸುಮಾರು 2 ಕೋಟಿ ಡಾಲರ್‌ವರೆಗೆ ಕ್ರೀಡಾಪಟುಗಳಿಗೆ ನೇರವಾಗಿ ಹಂಚಬಹುದು. ಹುಡುಗರಿಗೆ ಸಿಕ್ಕ ಈ ಸ್ವಾತಂತ್ರ್ಯ ನ್ಯಾಯವಾದದ್ದು. ಅದನ್ನು ಕಸಿದುಕೊಳ್ಳಿ ಎಂದು ಹೇಳುವುದಿಲ್ಲ. ಆದರೆ ಫಲಿತಾಂಶ ನೋಡಬೇಕು. 2017ರಿಂದ 2023ರವರೆಗೆ ಹೈಸ್ಮನ್ ಗೆದ್ದ ಆರು ಕ್ವಾರ್ಟರ್‌ಬ್ಯಾಕ್‌ಗಳಲ್ಲಿ ಸೇರಿದ ಕಾಲೇಜಿನಲ್ಲೇ ಉಳಿದು ಗೆದ್ದವರು ಬ್ರೈಸ್ ಯಂಗ್ ಒಬ್ಬರೇ. 2025ರ ಜನವರಿಯ ರಾಷ್ಟ್ರೀಯ ಫೈನಲ್‌ನಲ್ಲಿ ಎದುರುಬದುರಾದ ಇಬ್ಬರೂ ಬೇರೆ ಕಾಲೇಜಿನಲ್ಲಿ ಕಲಿತು ಬಂದವರು: ಓಹಾಯೊ ಸ್ಟೇಟ್‌ನ ವಿಲ್ ಹವರ್ಡ್ ಕ್ಯಾನ್ಸಸ್ ಸ್ಟೇಟ್‌ನಿಂದ, ನಾಟರ್ ಡೇಮ್‌ನ ರೈಲಿ ಲೆನರ್ಡ್ ಡ್ಯೂಕ್‌ನಿಂದ.

ಕ್ಯಾನ್ಸಸ್ ಸ್ಟೇಟ್ ಕಡೆ ಸ್ವಲ್ಪ ನಿಂತು ನೋಡಿ. ಹವರ್ಡ್ ಅಲ್ಲಿ ನಾಲ್ಕು ವರ್ಷ ಇದ್ದರು. ಬಿದ್ದರು, ಎದ್ದರು, 2022ರಲ್ಲಿ ಬಿಗ್ 12 ಲೀಗ್‌ನ ಪಟ್ಟ ಗೆದ್ದುಕೊಟ್ಟರು. ಅವರಿಗೆ ಕಲಿಸಿದ ಕಾಲಿನ್ ಕ್ಲೈನ್ ಅದೇ ಕಾಲೇಜಿನ ಹಳೆಯ ಕ್ವಾರ್ಟರ್‌ಬ್ಯಾಕ್, 2012ರ ಹೈಸ್ಮನ್ ಅಂತಿಮ ಸುತ್ತಿಗೆ ಹೋದವರು. 2023ರ ಸೀಸನ್ ಮುಗಿಯುತ್ತಲೇ ಕ್ಲೈನ್ ಅವರನ್ನು ಟೆಕ್ಸಸ್ ಎ ಆ್ಯಂಡ್ ಎಂ ಕರೆದುಕೊಂಡಿತು, ಹವರ್ಡ್ ಓಹಾಯೊ ಸ್ಟೇಟ್ ಸೇರಿದರು. ಒಂದೇ ಚಳಿಗಾಲದಲ್ಲಿ ಗುರುವೂ ಹೋದರು, ಶಿಷ್ಯನೂ ಹೋದ. ಇಂಥದ್ದು ಎರಡು ಮೂರು ಬಾರಿ ನಡೆದರೆ ಕಲಿಸುವ ಕಾಲೇಜು ಏನು ಮಾಡುತ್ತದೆ? ಅದೂ ಕಲಿಸುವುದನ್ನು ನಿಲ್ಲಿಸಿ ಪೋರ್ಟಲ್‌ನಲ್ಲಿ ಹುಡುಕುತ್ತದೆ. ದೊಡ್ಡ ಕಾಲೇಜುಗಳು ಇಂದು ಕೊಳ್ಳುತ್ತಿರುವುದು ಇನ್ನೊಬ್ಬರ ನಾಲ್ಕು ವರ್ಷದ ತಾಳ್ಮೆಯನ್ನು. ಆ ಇನ್ನೊಬ್ಬರೂ ತಾಳ್ಮೆ ಬಿಟ್ಟ ದಿನ ಕೊಳ್ಳಲು ಏನೂ ಇರುವುದಿಲ್ಲ. ನಮ್ಮ ಮುಖ್ಯ ಭಯ ಇದೇ.

ಮೊದಲ ಲಕ್ಷಣಗಳು ಆಗಲೇ ಕಂಡಿವೆ. 2023ರಲ್ಲಿ ಫ್ಲಾರಿಡಾ ಸ್ಟೇಟ್ 13-0 ಆಗಿ ಎಸಿಸಿ ಲೀಗ್‌ನ ಪಟ್ಟ ಗೆದ್ದೂ ನಾಲ್ಕು ತಂಡಗಳ ಪ್ಲೇಆಫ್‌ಗೆ ಆಯ್ಕೆಯಾಗಲಿಲ್ಲ. ಜೋರ್ಡನ್ ಟ್ರಾವಿಸ್ ಕಾಲು ಮುರಿದ ಮೇಲೆ ಇದು ಅದೇ ತಂಡವಲ್ಲ ಎಂದಿತು ಆಯ್ಕೆ ಸಮಿತಿ. ಆ ತೀರ್ಪು ತಂಡದ ಉಳಿದ ಆಟಗಾರರಿಗೆ ಆದ ಅನ್ಯಾಯವೆಂದೇ ನಮ್ಮ ಅಭಿಪ್ರಾಯ. ಆದರೆ ಎರಡನೆಯವನೂ ಗಾಯಗೊಂಡು ಹೊಸ ವಿದ್ಯಾರ್ಥಿಯೊಬ್ಬ ಆಡಬೇಕಾಗಿ ಬಂದ ಎಸಿಸಿ ಫೈನಲ್‌ನಲ್ಲಿ ತಂಡ ಗಳಿಸಿದ್ದು 16 ಅಂಕ. ಮುಂದಿನ ವರ್ಷಕ್ಕೆ ಕ್ಲೆಮ್ಸನ್, ಆರೆಗಾನ್ ಸ್ಟೇಟ್ ದಾಟಿ ಬಂದ ಡಿ.ಜೆ. ಉಯಾಂಗಲಲೆ ಅವರನ್ನು ಪೋರ್ಟಲ್‌ನಿಂದ ತಂದರು. 2024ರಲ್ಲಿ ಫ್ಲಾರಿಡಾ ಸ್ಟೇಟ್ ಗೆದ್ದದ್ದು ಎರಡೇ ಪಂದ್ಯ, ಸೋತದ್ದು ಹತ್ತು.

ಇನ್ನೊಂದು ಲಕ್ಷಣ ಚಿಕ್ಕದಾಗಿ ಕಾಣುತ್ತದೆ, ನಮ್ಮ ಮಟ್ಟಿಗೆ ಅದೇ ಹೆಚ್ಚು ಕಳವಳದ್ದು. 2025ರಲ್ಲಿ ನೆಬ್ರಾಸ್ಕ, ಟೆಕ್ಸಸ್ ಮುಂತಾದ ಕಾಲೇಜುಗಳು ವಸಂತದ ಪ್ರದರ್ಶನ ಪಂದ್ಯವನ್ನು ಹಿಂದಿನ ರೂಪದಲ್ಲಿ ಆಡಿಸಲಿಲ್ಲ. ನಮ್ಮ ಹುಡುಗರನ್ನು ನೋಡಿ ಬೇರೆಯವರು ಸೆಳೆದುಕೊಳ್ಳುತ್ತಾರೆ ಎಂಬ ಭಯವನ್ನು ನೆಬ್ರಾಸ್ಕದ ಮ್ಯಾಟ್ ರೂಲ್ ಬಹಿರಂಗವಾಗಿಯೇ ಹೇಳಿದರು. ಭಯ ಸುಳ್ಳಲ್ಲ. ಆದರೆ ಎರಡನೇ, ಮೂರನೇ ಕ್ವಾರ್ಟರ್‌ಬ್ಯಾಕ್‌ಗೆ ತುಂಬಿದ ಗ್ಯಾಲರಿಯ ಮುಂದೆ ಚೆಂಡು ಹಿಡಿಯುವ ಅವಕಾಶ ವರ್ಷಕ್ಕೆ ಇದ್ದದ್ದು ಅದೊಂದೇ.

ಕಾಯುವ ಹುಡುಗರು ಇಂದಿಗೂ ಇದ್ದಾರೆ. ಟೆಕ್ಸಸ್‌ನಲ್ಲಿ ಆರ್ಚ್ ಮ್ಯಾನಿಂಗ್ ಎರಡು ವರ್ಷ ಕ್ವಿನ್ ಯೂವರ್ಸ್ ಹಿಂದೆ ನಿಂತು ಕಲಿತರು. ಫುಟ್‌ಬಾಲ್‌ನಲ್ಲಿ ಹೆಸರಾದ ಆ ಮನೆತನಕ್ಕೆ ಯಾವ ಕಾಲೇಜಾದರೂ ಬಾಗಿಲು ತೆರೆಯುತ್ತಿತ್ತು. ಕಲಿಸುವವರು ಅಲ್ಲೇ ಇರುತ್ತಾರೆಂಬ ನಂಬಿಕೆ ಇದ್ದರೆ ಹುಡುಗನೂ ಇರುತ್ತಾನೆ ಎಂದು ನಮಗನಿಸುತ್ತದೆ.

ಆದ್ದರಿಂದ ಕ್ರೀಡಾ ನಿರ್ದೇಶಕರಿಗೂ ಹೆಡ್ ಕೋಚ್‌ಗಳಿಗೂ ನಮ್ಮ ಒತ್ತಾಯ ಇಷ್ಟು. ಕ್ವಾರ್ಟರ್‌ಬ್ಯಾಕ್ ಕೋಚ್ ಅವರನ್ನು ಬದಲಿಸುವ ಮುನ್ನ ಒಳಗೆ ಇರುವ ಕಿರಿಯ ಸಹಾಯಕರನ್ನು ನೋಡಿ. 2023ರಲ್ಲಿ ಮಿಷಿಗನ್ ತನ್ನಲ್ಲೇ ವಿಶ್ಲೇಷಕರಾಗಿದ್ದ ಕರ್ಕ್ ಕ್ಯಾಂಪ್‌ಬೆಲ್ ಅವರಿಗೆ ಆ ಹೊಣೆ ಕೊಟ್ಟಿತು, ಜೆ.ಜೆ. ಮೆಕಾರ್ಥಿ ಹೊಸ ಹೆಸರುಗಳನ್ನು ಕಲಿಯಬೇಕಾಗಲಿಲ್ಲ, ತಂಡ 15-0 ಆಗಿ ಪಟ್ಟ ಗೆದ್ದಿತು. ಅದೇ ಮಿಷಿಗನ್ ಮೆಕಾರ್ಥಿ ಹೋದ ಮೇಲಿನ ವರ್ಷಕ್ಕೆ ಯಾರನ್ನೂ ಸಿದ್ಧ ಮಾಡಿರಲಿಲ್ಲ. 2024ರಲ್ಲಿ ಮೂವರನ್ನು ಬದಲಿಸಿ ಬದಲಿಸಿ ಆಡಿಸಿತು, ಕೊನೆಗೆ ಕ್ಯಾಂಪ್‌ಬೆಲ್ ಅವರನ್ನೇ ಕಳಿಸಿತು. ಹೊರಗಿನವರನ್ನೇ ತರುವುದಾದರೆ ಅವರು ಪ್ಲೇಗಳ ಹೆಸರು ಬದಲಿಸದೆ, ಇರುವ ಭಾಷೆಯನ್ನು ತಾವು ಕಲಿಯಲಿ. ಒಬ್ಬರು ಕಲಿಯುವುದು ಐವತ್ತು ಜನ ಮರೆತು ಕಲಿಯುವುದಕ್ಕಿಂತ ಸುಲಭ.

2024ರಲ್ಲಿ ಎನ್‌ಸಿಎಎ ಮೈದಾನದಲ್ಲಿ ಪಾಠ ಹೇಳಬಹುದಾದ ಸಿಬ್ಬಂದಿಯ ಮೇಲಿದ್ದ ಮಿತಿಯನ್ನು ತೆಗೆದುಹಾಕಿದೆ. ಅಂದರೆ ಎರಡನೆಯ ಮತ್ತು ಮೂರನೆಯ ಕ್ವಾರ್ಟರ್‌ಬ್ಯಾಕ್‌ಗೆಂದೇ ಒಬ್ಬರನ್ನು ನೇಮಿಸಲು ಈಗ ಯಾವ ನಿಯಮವೂ ಅಡ್ಡಿಯಿಲ್ಲ. ಪೋರ್ಟಲ್‌ನಲ್ಲಿ ಒಬ್ಬನನ್ನು ತರುವ ಹಣದ ಒಂದು ಸಣ್ಣ ಪಾಲು ಸಾಕು. ಈಗಿನ ನಿಯಮದಲ್ಲಿ ಪೋರ್ಟಲ್ ತೆರೆದಿರುವುದು ಜನವರಿ 2ರಿಂದ 16ರವರೆಗೆ. ಆ ಹದಿನೈದು ದಿನ ಶುರುವಾಗುವ ಮೊದಲೇ ಕೋಚ್ ಯಾರೆಂಬುದು ತೀರ್ಮಾನವಾಗಬೇಕು. ವಸಂತದ 15 ಅಭ್ಯಾಸಗಳಲ್ಲಿ ಯಾವ ಯಾವ ದಿನ ಮೊದಲ ಸಾಲಿನ ಆಟಗಾರರ ಜೊತೆ ನಿಂತು ಆಡುತ್ತಾನೆಂದು ಮೂರನೇ ಹುಡುಗನ ಕೈಗೆ ಬರೆದುಕೊಡಬೇಕು.