ನೆಸ್ಲೆ ರಾಯಲ್ಟಿ: ಕೇಂದ್ರ ಕಚೇರಿಗೆ ‘ಇಲ್ಲ’ ಎಂದವರು ಯಾರು?

ಬಹುರಾಷ್ಟ್ರೀಯ ಕಂಪನಿಯ ಭಾರತದ ಕಚೇರಿ ವಿದೇಶದ ಕೇಂದ್ರ ಕಚೇರಿಗೆ ‘ಇಲ್ಲ’ ಎಂದ ಸುದ್ದಿ ಅಪರೂಪ. 2024ರ ಮೇ ತಿಂಗಳಲ್ಲಿ ನೆಸ್ಲೆ ಇಂಡಿಯಾದಲ್ಲಿ ಅಂಥದ್ದೊಂದು ‘ಇಲ್ಲ’ ಕೇಳಿಬಂತು. ಆದರೆ ಹೇಳಿದ್ದು ಕಚೇರಿಯಲ್ಲ, ಷೇರುದಾರರು.

ಮ್ಯಾಗಿ, ನೆಸ್‌ಕೆಫೆಯಂಥ ಬ್ರ್ಯಾಂಡ್‌ಗಳು ಮತ್ತು ತಂತ್ರಜ್ಞಾನದ ಬಳಕೆಗಾಗಿ ಗುರುಗ್ರಾಮದ ನೆಸ್ಲೆ ಇಂಡಿಯಾ ಸ್ವಿಟ್ಜರ್‌ಲೆಂಡ್‌ನ ಮಾತೃಸಂಸ್ಥೆಗೆ ಮಾರಾಟದ ಶೇ 4.5ರಷ್ಟು ರಾಯಲ್ಟಿ ಕೊಡುತ್ತಿತ್ತು. ಇದನ್ನು ವರ್ಷಕ್ಕೆ ಶೇ 0.15ರಂತೆ ಏರಿಸಿ, ಐದು ವರ್ಷಗಳಲ್ಲಿ ಶೇ 5.25ಕ್ಕೆ ಒಯ್ಯುವ ಪ್ರಸ್ತಾವಕ್ಕೆ ಇಲ್ಲಿನ ನಿರ್ದೇಶಕ ಮಂಡಳಿ ಏಪ್ರಿಲ್‌ನಲ್ಲೇ ಒಪ್ಪಿತ್ತು. ಮುಕ್ಕಾಲು ಪರ್ಸೆಂಟ್ ತಾನೇ ಎನಿಸಬಹುದು. 20 ಸಾವಿರ ಕೋಟಿ ರೂಪಾಯಿ ಆಸುಪಾಸಿನ ವಾರ್ಷಿಕ ಮಾರಾಟದಲ್ಲಿ ಅದು 150 ಕೋಟಿ.

ಲೆಕ್ಕದ ಸೂಕ್ಷ್ಮ ಬೇರೆಯೇ ಇದೆ. ಕಂಪನಿ 100 ರೂಪಾಯಿ ಲಾಭಾಂಶ ಹಂಚಿದರೆ, ಶೇ 62ಕ್ಕೂ ಹೆಚ್ಚು ಷೇರು ಹೊಂದಿರುವ ಮಾತೃಸಂಸ್ಥೆಗೆ ಹೋಗುವುದು ಸುಮಾರು 62 ರೂಪಾಯಿ. ಉಳಿದದ್ದು ಇಲ್ಲಿನ ಫಂಡ್‌ಗಳು, ಸಣ್ಣ ಹೂಡಿಕೆದಾರರೂ ಸೇರಿದಂತೆ ಇತರ ಷೇರುದಾರರಿಗೆ. ಅದೇ 100 ರೂಪಾಯಿ ರಾಯಲ್ಟಿ ಎನಿಸಿಕೊಂಡರೆ, ತೆರಿಗೆ ಬಿಟ್ಟು, ಪೂರ್ತಿ ಸ್ವಿಟ್ಜರ್‌ಲೆಂಡ್‌ಗೆ. ಅದೂ ಲಾಭದ ಲೆಕ್ಕ ಹಾಕುವ ಮೊದಲೇ.

ಇಲ್ಲಿ ಕೆಲಸಕ್ಕೆ ಬಂದದ್ದು ಸೆಬಿ ನಿಯಮ. ರಾಯಲ್ಟಿ ವಹಿವಾಟಿನ ಶೇ 5 ದಾಟುವುದಾದರೆ ಷೇರುದಾರರ ಒಪ್ಪಿಗೆ ಬೇಕು. ಆ ಮತದಾನದಲ್ಲಿ ಮಾತೃಸಂಸ್ಥೆ ಪರವಾಗಿ ಮತ ಹಾಕುವಂತಿಲ್ಲ. ಬಹುಪಾಲಿನ ಮಾಲೀಕರೇ ಬದಿಗೆ ಕೂತರು. ಉಳಿದವರ ಮತಗಳಲ್ಲಿ ಶೇ 57ರಷ್ಟು ವಿರುದ್ಧ ಬಿದ್ದವು. ಜುಲೈನಲ್ಲಿ ಶೇ 4.5ರಲ್ಲೇ ಮುಂದುವರಿಸುವ ನಿರ್ಣಯ ಸಲೀಸಾಗಿ ಪಾಸಾಯಿತು.

ಮಾತೃಸಂಸ್ಥೆಯ ಸಂಶೋಧನೆ, ಬ್ರ್ಯಾಂಡ್ ಇಲ್ಲದೆ ಮ್ಯಾಗಿಯೇ ಇಲ್ಲ, ನಿಜ. ಆದರೆ ಆ ಹೆಸರಿನ ಬೆಲೆಯನ್ನು ಉಳಿಸಿದವರು ಯಾರು? 2015ರಲ್ಲಿ ಮ್ಯಾಗಿ ನಿಷೇಧವಾದಾಗ ಜಾಗತಿಕ ಸಿಇಒ ದೆಹಲಿಗೆ ಹಾರಿಬಂದು ಪತ್ರಿಕಾಗೋಷ್ಠಿ ನಡೆಸಿದರೇನೋ ಸರಿ. ಬಾಂಬೆ ಹೈಕೋರ್ಟ್ ನಿಷೇಧ ರದ್ದುಪಡಿಸಿದ ಮೇಲೆ ನಂಜನಗೂಡು, ಮೋಗಾ, ಬಿಚೋಲಿಮ್ ಕಾರ್ಖಾನೆಗಳಲ್ಲಿ ಉತ್ಪಾದನೆ ಮತ್ತೆ ಶುರುಮಾಡಿ, ನವೆಂಬರ್‌ಗೆ ಅಂಗಡಿಗೆ ತಂದದ್ದು ಸುರೇಶ್ ನಾರಾಯಣನ್ ನೇತೃತ್ವದ ಇಲ್ಲಿನ ತಂಡ. ಈ ದುಡಿಮೆಗೆ ರಾಯಲ್ಟಿ ಒಪ್ಪಂದದಲ್ಲಿ ಕಾಲಂ ಇರುವುದಿಲ್ಲ.

ಇಲ್ಲಿನ ಮಂಡಳಿ ಅದನ್ನೇ ಮುಂದಿಟ್ಟು ಚೌಕಾಸಿ ಮಾಡಬಹುದಿತ್ತು. ಆದರೆ ಮಂಡಳಿಯ ನೇಮಕದಲ್ಲೂ ದೊಡ್ಡ ಮತ ಮಾತೃಸಂಸ್ಥೆಯದೇ.

ಷೇರುಪೇಟೆಯಲ್ಲಿರುವ ಕಂಪನಿಯಾದ್ದರಿಂದ ಇಷ್ಟಾದರೂ ಬಹಿರಂಗವಾಯಿತು. ಬೆಂಗಳೂರು, ಹೈದರಾಬಾದ್, ಪುಣೆಯಲ್ಲಿರುವ ಬಹುರಾಷ್ಟ್ರೀಯ ಕಂಪನಿಗಳ ಘಟಕಗಳಲ್ಲಿ ಬಹಳಷ್ಟು ಪೂರ್ಣವಾಗಿ ಮಾತೃಸಂಸ್ಥೆಯ ಒಡೆತನದವು. ಅಲ್ಲಿ ಮತ ಹಾಕಲು ಬೇರೆ ಷೇರುದಾರರೇ ಇಲ್ಲ; ಕೇಂದ್ರ ಕಚೇರಿಗೆ ಹೋಗುವ ಹಣದ ಬಗ್ಗೆ ಹೊರಗಿನಿಂದ ಪ್ರಶ್ನೆ ಕೇಳಿದರೆ, ಕೇಳುವವರು ಹೆಚ್ಚಾಗಿ ಆದಾಯ ತೆರಿಗೆ ಅಧಿಕಾರಿಗಳು.