ಹೊತ್ತಿಗೊದಗಿದರೇ ನೆರವು

ಕೋವಿಡ್ ಕಾಲದಲ್ಲಿ ಶ್ರೀಮಂತ ದೇಶಗಳು ನೆರೆಹೊರೆಗೆ ಎಷ್ಟು ಲಸಿಕೆ ಕೊಟ್ಟವು ಎಂಬ ಲೆಕ್ಕ ಬೇಕಾದಷ್ಟು ಸಿಗುತ್ತದೆ. ಯಾವಾಗ ಕೊಟ್ಟವು ಎಂದು ಕೇಳುವವರು ಕಡಿಮೆ. ಮುಖ್ಯವಾದದ್ದು ಈ ಎರಡನೆಯ ಪ್ರಶ್ನೆ.

2021ರ ಮಾರ್ಚ್ 18ರಂದು ಅಮೆರಿಕ ಸರ್ಕಾರ ಆಸ್ಟ್ರಾಜೆನೆಕಾ ಲಸಿಕೆಯ ಸುಮಾರು 40 ಲಕ್ಷ ಡೋಸ್ ಹಂಚಿಕೊಳ್ಳುವುದಾಗಿ ಪ್ರಕಟಿಸಿತು. ಮೆಕ್ಸಿಕೊಗೆ 25 ಲಕ್ಷ, ಕೆನಡಾಕ್ಕೆ 15 ಲಕ್ಷ. ಅದೂ ದಾನವಲ್ಲ, ಮುಂದೆ ಲಸಿಕೆಯ ರೂಪದಲ್ಲೇ ತೀರಿಸಬೇಕಾದ ಕೈಗಡ. ಆ ಹೊತ್ತಿಗೆ ಅಮೆರಿಕ ತನ್ನ ಜನಕ್ಕೆ ಬೇರೆ ಕಂಪನಿಗಳ 10 ಕೋಟಿಗೂ ಹೆಚ್ಚು ಡೋಸ್ ಹಾಕಿಯಾಗಿತ್ತು.

ಆಸ್ಟ್ರಾಜೆನೆಕಾಗೆ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಅನುಮತಿಯನ್ನೇ ನೀಡಿರಲಿಲ್ಲ, ಕೊನೆಗೂ ನೀಡಲಿಲ್ಲ. ತನ್ನವರಿಗೆ ಹಾಕುವಂತಿಲ್ಲದ ಲಸಿಕೆಯನ್ನು ದಾಸ್ತಾನು ಮಾಡಿಟ್ಟುಕೊಂಡಿತ್ತು ಆ ದೇಶ. ಮೆಕ್ಸಿಕೊ ಅದನ್ನು ಜನವರಿಯಲ್ಲೇ ಒಪ್ಪಿತ್ತು. ಅಧಿಕೃತ ಲೆಕ್ಕದಲ್ಲೇ ಅಲ್ಲಿ ಸತ್ತವರ ಸಂಖ್ಯೆ ಎರಡು ಲಕ್ಷದ ಹತ್ತಿರವಿತ್ತು. ಕೆನಡಾಕ್ಕೆ ಈ ಲಸಿಕೆಯ ಮೊದಲ 5 ಲಕ್ಷ ಡೋಸ್ ಬಂದದ್ದು ಪಕ್ಕದ ಅಮೆರಿಕದಿಂದಲ್ಲ, ಪುಣೆಯ ಸೀರಂ ಇನ್‌ಸ್ಟಿಟ್ಯೂಟ್‌ನಿಂದ.

ತನ್ನ ಪ್ರಜೆಗಳಿಗೆ ಮೊದಲು ಎನ್ನುವ ಸರ್ಕಾರವನ್ನು ಯಾರೂ ದೂರಲಾರರು. ಆದರೆ ಬಳಸದ ಲಸಿಕೆಯನ್ನು ಹಿಡಿದಿಟ್ಟುಕೊಳ್ಳುವುದಕ್ಕೆ ಆ ಸಮರ್ಥನೆ ಒಪ್ಪುವುದಿಲ್ಲ.

ಅದೇ ವರ್ಷ ಏಪ್ರಿಲ್‌ನಲ್ಲಿ ಮೊಂಟಾನಾ ರಾಜ್ಯದ ಬ್ಲ್ಯಾಕ್‌ಫೀಟ್ ಮೂಲನಿವಾಸಿಗಳು ಬೇರೆ ದಾರಿ ತೋರಿಸಿದರು. ತಮ್ಮ ವಯಸ್ಕರಲ್ಲಿ ಬಹುತೇಕರಿಗೆ ಲಸಿಕೆ ಆದೊಡನೆ, ಉಳಿದದ್ದನ್ನು ಕೆನಡಾ ಗಡಿಗೆ ಒಯ್ದರು. ಆಚೆಯಿಂದ ಕಾರುಗಳಲ್ಲಿ ಬಂದು ಸಾಲುಗಟ್ಟಿದವರಿಗೆ, ತಮ್ಮ ಬಂಧುಗಳಿಗೂ ಗುರುತಿಲ್ಲದವರಿಗೂ, ಚುಚ್ಚುಮದ್ದು ಕೊಟ್ಟರು. ಅವರದ್ದೂ ಉಳಿಕೆಯೇ. ಆದರೆ ಉಳಿದ ಕೂಡಲೇ ಕೊಟ್ಟರು. ಸಂಪತ್ತಿನಲ್ಲಿ ಅಮೆರಿಕ ಸರ್ಕಾರಕ್ಕೆ ಯಾವ ಹೋಲಿಕೆಯೂ ಇಲ್ಲದ ಒಂದು ಸಮುದಾಯ ಮಾಡಿದ ಕೆಲಸ ಇದು.

ನೆರೆಯವರ ಔದಾರ್ಯವನ್ನಷ್ಟೇ ನಂಬಿದರೆ ಏನಾಗುತ್ತದೆ ಎಂಬುದನ್ನು ನಮ್ಮ ಭೂತಾನ್ ಕಂಡಿದೆ. ಭಾರತ ಕೊಟ್ಟ ಐದೂವರೆ ಲಕ್ಷ ಡೋಸ್‌ನಿಂದ ಅದು 2021ರ ವಸಂತದಲ್ಲಿ ಎರಡೇ ವಾರಗಳಲ್ಲಿ ಬಹುತೇಕ ವಯಸ್ಕರಿಗೆ ಮೊದಲ ಡೋಸ್ ಹಾಕಿ ಮುಗಿಸಿತು. ಅಷ್ಟರಲ್ಲಿ ಎರಡನೇ ಅಲೆ ನಮ್ಮನ್ನೇ ಬಡಿಯಿತು, ರಫ್ತು ನಿಂತಿತು. ಭೂತಾನದ ಎರಡನೇ ಡೋಸ್‌ಗೆ ಜುಲೈವರೆಗೆ ಕಾಯಬೇಕಾಯಿತು. ಅದರಲ್ಲಿ 5 ಲಕ್ಷ ಡೋಸ್ ಬಂದದ್ದು ಅಮೆರಿಕದಿಂದ. ಕೊಡುವ ಮನಸ್ಸಿದ್ದವನ ಕೈಯೂ ಒಮ್ಮೊಮ್ಮೆ ಕಟ್ಟಿಹೋಗುತ್ತದೆ.

ಹಾಗಾಗಿ ಹಂಚಿಕೆ ಕರುಣೆಗೆ ಬಿಟ್ಟ ಸಂಗತಿಯಾಗಬಾರದು, ಮೊದಲೇ ಬರೆದಿಟ್ಟ ಕಟ್ಟಳೆಯಾಗಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಸದಸ್ಯ ದೇಶಗಳು 2025ರ ಮೇ 20ರಂದು ಅಂಗೀಕರಿಸಿದ ಸಾಂಕ್ರಾಮಿಕ ಒಪ್ಪಂದದ ಆಶಯ ಇದೇ. ಪಿಡುಗು ಬಂದಾಗ, ಒಪ್ಪಂದಕ್ಕೆ ಸೇರಿದ ತಯಾರಕರು ಉತ್ಪಾದನೆಯ ಶೇ 20ರಷ್ಟನ್ನು ಆಗಿಂದಾಗಲೇ ಸಂಸ್ಥೆಗೆ ಒದಗಿಸುವ ಗುರಿ ಅದರಲ್ಲಿದೆ. ಅದರಲ್ಲಿ ಅರ್ಧವಾದರೂ ಉಚಿತವಾಗಿರಬೇಕು. ಹಂಚಿಕೆಯ ವಿವರವಾದ ನಿಯಮಗಳು ಒಪ್ಪಿಗೆಯಾದ ಮೇಲಷ್ಟೇ ಒಪ್ಪಂದ ಸಹಿಗೆ ತೆರೆದುಕೊಳ್ಳುತ್ತದೆ. ಅಮೆರಿಕ ಈ ಮಾತುಕತೆಯಿಂದಲೇ ಹೊರನಡೆದಿದೆ.

ಜಗತ್ತಿನ ಅತಿ ದೊಡ್ಡ ಲಸಿಕೆ ತಯಾರಕರಲ್ಲಿ ಒಂದಾದ ಭಾರತ ಇಲ್ಲಿ ಸುಮ್ಮನಿರಬಾರದು. ಕೊಡುವ ದೇಶವಾಗಿಯೂ ಕೊರತೆ ಉಂಡ ದೇಶವಾಗಿಯೂ ಮಾತಾಡುವ ಹಕ್ಕು ನಮಗಿದೆ. ನಿಯಮಗಳು ಬೇಗ ಗಟ್ಟಿಯಾಗಲಿ ಎಂದು ದೆಹಲಿ ಪಟ್ಟು ಹಿಡಿಯಬೇಕು.