ತಮಾಷೆಯೆಂಬ ಹೆಸರಿನಲ್ಲಿ

ಆಟಿಸಂ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಒಂದು ಮಗು. ಆ ಮಗು ಬೆಳೆಯುತ್ತದೆ, ಕೆಲಸಕ್ಕೆ ಸೇರುತ್ತದೆ, ಮದುವೆಯೂ ಆಗುತ್ತದೆ ಎಂಬುದು ನಮಗೆ ಹೊಳೆಯುವುದೇ ಇಲ್ಲ. ಲಿಯೋ ಕ್ಯಾನರ್ ಎಂಬ ವೈದ್ಯರು ಇದನ್ನು ವಿವರಿಸಿ ಬರೆದದ್ದು 1943ರಲ್ಲಿ. ನಮ್ಮ ಊರುಗಳಲ್ಲಾದರೋ ಎಷ್ಟೋ ಮಂದಿ ಇಂದಿಗೂ ಯಾವ ತಪಾಸಣೆಯೂ ಇಲ್ಲದೆ, 'ಸ್ವಲ್ಪ ವಿಚಿತ್ರ ಸ್ವಭಾವ' ಎಂಬ ಷರಾ ಹೊತ್ತುಕೊಂಡೇ ಸಂಸಾರ ನಡೆಸುತ್ತಿದ್ದಾರೆ.

ಆ ಸಂಸಾರದಲ್ಲಿ ನಡೆಯುವುದೇನು? ನೆಂಟರು ತುಂಬಿದ ಮನೆಯ ಗದ್ದಲ ತಾಳಲಾರದೆ ಸೊಸೆ ಒಳಕೋಣೆಗೆ ಹೋದರೆ, 'ಮಹಾರಾಣಿಗೆ ನಮ್ಮ ಮುಖ ನೋಡಲಾಗುವುದಿಲ್ಲ' ಎಂದು ಗಂಡನೇ ಎಲ್ಲರೆದುರು ಹೇಳುತ್ತಾನೆ. 'ಸಂಜೆ ಬೇಗ ಬನ್ನಿ' ಎಂದಾಗ 'ಬೇಗ ಅಂದರೆ ಎಷ್ಟು ಗಂಟೆಗೆ?' ಎಂದು ಕೇಳಿದ ಗಂಡನನ್ನು ಹೆಂಡತಿ ತವರಿನವರ ಮುಂದೆ ಅಣಕಿಸಿ ತೋರಿಸುತ್ತಾಳೆ. ಆರು ತಿಂಗಳು ಅದೇ ಜೋಕು. ನೊಂದುಕೊಂಡರೆ, 'ಇವರಿಗೆ ತಮಾಷೆಯೂ ತಿಳಿಯುವುದಿಲ್ಲ' ಎಂದು ಮತ್ತೊಂದು ಸುತ್ತು ನಗು!

ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಆಟಿಸಂ ಅನ್ನು ತನ್ನ 21 ವೈಕಲ್ಯಗಳ ಪಟ್ಟಿಯಲ್ಲಿ ಸೇರಿಸಿದೆ. ಅದರ 92ನೇ ಕಲಮಿನ ಪ್ರಕಾರ ಅಂಗವಿಕಲರನ್ನು ಉದ್ದೇಶಪೂರ್ವಕವಾಗಿ ಅವಮಾನಿಸಿದವರಿಗೆ 6 ತಿಂಗಳಿಂದ 5 ವರ್ಷದವರೆಗೆ ಜೈಲು. ಆದರೆ ಆ ಅವಮಾನ ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗದಲ್ಲಿ ನಡೆದಿರಬೇಕು. ಬಸ್‌ಸ್ಟ್ಯಾಂಡಿನಲ್ಲಿ ಆಡಿದರೆ ಅಪರಾಧ, ಅಡುಗೆಮನೆಯಲ್ಲಿ ಆಡಿದರೆ ಸಂಸಾರ! 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯು ಗೇಲಿ, ಹೀಯಾಳಿಕೆಗಳನ್ನೂ ಹಿಂಸೆ ಎಂದೇ ಪರಿಗಣಿಸುತ್ತದೆ. ಅದು ಹೆಣ್ಣಿಗೆ ಮಾತ್ರ ಸಿಗುವ ರಕ್ಷಣೆ. ಅಡ್ಡಹೆಸರಿಗಾಗಿ ಗಂಡನ ಮೇಲೆ ದೂರು ಕೊಟ್ಟ ಸೊಸೆಯನ್ನು ನಮ್ಮ ಸಮಾಜ ಹೇಗೆ ನೋಡೀತು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಹೀಗಾಗಿ ವಿಷಯ ಹಿರಿಯರ ಮುಂದೆ ಬರುತ್ತದೆ. ಜಮಾಅತಿನವರಿರಲಿ, ಊರ ಪಂಚಾಯಿತಿಯವರಿರಲಿ, ಹೇಳುವುದು ಒಂದೇ: 'ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳಿ.' ಯಾರು? ನಗುವವರಿಗಲ್ಲ, ನಗೆಗೀಡಾದವರಿಗೇ ಈ ಉಪದೇಶ. ದಿನವಿಡೀ ಹೊರಗೆ ಇತರರಂತೆ ಕಾಣಲು ಹೆಣಗಿ ಸುಸ್ತಾಗಿ ಬಂದವರು ಮನೆಯಲ್ಲೂ ಅದೇ ವೇಷ ಹಾಕಿಕೊಂಡಿರಬೇಕೆಂದರೆ ಅದಕ್ಕೆ ಮನೆ ಎಂಬ ಹೆಸರೇಕೆ? ಸ್ವತಃ ಆಟಿಸಂ ಇರುವ ಬ್ರಿಟಿಷ್ ಸಮಾಜಶಾಸ್ತ್ರಜ್ಞ ಡೇಮಿಯನ್ ಮಿಲ್ಟನ್ 2012ರಲ್ಲೇ ವಾದಿಸಿದ್ದರು: ಅರ್ಥವಾಗದಿರುವುದು ಎರಡೂ ಕಡೆಯ ಕಷ್ಟ, ಒಬ್ಬರ ಕೊರತೆಯಲ್ಲ. ನಮ್ಮ ಪಂಚಾಯಿತಿಗಳು ಮಾತ್ರ ಒಂದೇ ಕಡೆಯವರನ್ನು ಕೂರಿಸಿ ಬುದ್ಧಿ ಹೇಳುತ್ತಿವೆ.

ಜೊತೆಗಾರರ ದಣಿವು ಸುಳ್ಳೆಂದು ನಾವು ಹೇಳುತ್ತಿಲ್ಲ. ಸೂಚನೆಯಿಂದ ತಿಳಿಯದ್ದನ್ನು ಪ್ರತಿಸಲವೂ ಬಾಯಿಬಿಟ್ಟು ಹೇಳುವುದು ಆಯಾಸದ ಕೆಲಸವೇ. ಆ ಆಯಾಸವನ್ನು ಜಗಳವಾಡಿಯಾದರೂ ಹೇಳಿಕೊಳ್ಳಲಿ. ಅಣಕಿಸಿದರೆ ಅದು ತೀರುವುದೂ ಇಲ್ಲ, ಎದುರಿನವರಿಗೆ ತಿಳಿಯುವುದೂ ಇಲ್ಲ.

ಇನ್ನು ನೋಯುತ್ತಿರುವವರಿಗೆ ಒಂದೆರಡು ಮಾತು. ಗದ್ದಲದ ನಡುವೆ ಉತ್ತರ ಹೊಳೆಯದಿದ್ದರೆ ಆಮೇಲೆ ಬರೆದು ಕೊಡಿ: ಯಾವ ಮಾತು ನೋಯಿಸಿತು, ಯಾರೆದುರು ಆಡಿದರು, ಮುಂದೆ ಏನು ಆಡಬಾರದು. ನಗು ಶುರುವಾದಾಗ ಎದ್ದು ಹೋಗುವುದು ಅಹಂಕಾರವಲ್ಲ. ಕುಟುಂಬದಲ್ಲಿ ಒಬ್ಬರಿಗಾದರೂ ವಿಷಯ ತಿಳಿದಿರಲಿ. ಸ್ಪಷ್ಟವಾಗಿ ಹೇಳಿದ ಮೇಲೂ ಅದೇ ಗೇಲಿ ಮುಂದುವರಿದರೆ ಅದನ್ನು ತಿಳುವಳಿಕೆಯ ಕೊರತೆ ಎನ್ನಲಾಗದು. ಆಗ ಹಿರಿಯರು ಕರೆದು ಕೇಳಬೇಕಾದದ್ದು ನಕ್ಕವರನ್ನು.